ಯಮುನೆಯ ಕೊಳೆಗೆ ಯಾರ ದುಡ್ಡು?

ಕಾವೇರಿ ಸೀಮೆಯಿಂದ ದೆಹಲಿಗೆ ಬಂದವರಿಗೆ ನದಿ ಅಂದರೆ ಮೊದಲು ನೆನಪಾಗೋದು ಪಾಲಿನ ಜಗಳ. ಯಾರಿಗೆಷ್ಟು ಟಿಎಂಸಿ ಅನ್ನೋ ಲೆಕ್ಕ ಕೇಳಿಕೊಂಡೇ ಬೆಳೆದವರು ನಾವು. ಯಮುನೆಗೂ ಅಂಥದೊಂದು ಒಪ್ಪಂದ ಇದೆ: 1994ರ ಮೇ 12ರಂದು ದೆಹಲಿಯೂ ಸೇರಿ ಐದು ರಾಜ್ಯಗಳು ನೀರು ಹಂಚಿಕೊಂಡು ಸಹಿ ಹಾಕಿದವು. ಆದರೆ ಮಯೂರ್ ವಿಹಾರದಲ್ಲಿ ಸಂಸಾರ ಹೂಡಿ, ದಿನಾ ಹೊಳೆ ದಾಟಿ ಆಫೀಸಿಗೆ ಹೋಗುವ ಕನ್ನಡಿಗನ ಮೂಗಿಗೆ ಬಡಿಯೋದು ಇನ್ನೊಂದು ಪಾಲಿನ ಪ್ರಶ್ನೆ. ಈ ಕೊಳೆ ಯಾರದು? ತೊಳೆಯೋ ಖರ್ಚು ಯಾರದು?

ಕಥೆ ಶುರುವಾಗೋದು ಗಂಗೆಯಿಂದ. 1986ರಲ್ಲಿ ರಾಜೀವ್ ಗಾಂಧಿ ವಾರಾಣಸಿಯಲ್ಲಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟಾಗ ದುಡ್ಡೆಲ್ಲ ಕೇಂದ್ರದ್ದು. ಯಮುನೆಯ ಸರದಿ ಬಂದಾಗ ಸಾಲ ಬೇಕಾಯಿತು. 1992ರ ಕೊನೆಗೆ ಜಪಾನ್ 1,777 ಕೋಟಿ ಯೆನ್ ಕೊಡಲು ಒಪ್ಪಿತು. 1993ರಲ್ಲಿ ಉತ್ತರ ಪ್ರದೇಶ, ಹರಿಯಾಣ, ದೆಹಲಿಗಳಲ್ಲಿ ಕೆಲಸ ಶುರು. ಕೇಂದ್ರ ಅರ್ಧ, ರಾಜ್ಯ ಅರ್ಧ ಅಂತ ಮಾತಾಗಿತ್ತು. ಅದು ನಡೆಯಲಿಲ್ಲ. 1997ರ ಏಪ್ರಿಲ್‌ನಿಂದ ಪೂರ್ತಿ ಖರ್ಚು ಕೇಂದ್ರದ್ದಾಯಿತು. ನಾಲ್ಕೇ ವರ್ಷಕ್ಕೆ, 2001ರ ಏಪ್ರಿಲ್‌ನಿಂದ, ಮತ್ತೆ ಬದಲಾಗಿ ಕೇಂದ್ರಕ್ಕೆ 70, ರಾಜ್ಯಕ್ಕೆ 30 ಪಾಲು! ಎಂಟು ವರ್ಷದಲ್ಲಿ ಮೂರು ಸೂತ್ರ. ಮದುವೆ ಖರ್ಚು ಹಂಚಿಕೊಳ್ಳೋ ಬೀಗರೂ ಇಷ್ಟು ಸಲ ಮಾತು ಬದಲಾಯಿಸೋದಿಲ್ಲ.

ಸಾಲವಂತೂ ಬರುತ್ತಲೇ ಇತ್ತು. 2003ರಲ್ಲಿ ಎರಡನೇ ಹಂತಕ್ಕೆ 1,333 ಕೋಟಿ ಯೆನ್. 2011ರಲ್ಲಿ ಮೂರನೇ ಹಂತಕ್ಕೆ, ಅದೂ ದೆಹಲಿಯೊಂದಕ್ಕೇ, 3,257 ಕೋಟಿ ಯೆನ್. ದೆಹಲಿಯ ಮೇಲೇಕೆ ಕಣ್ಣು ಅಂತೀರಾ? ವಜೀರಾಬಾದಿನಿಂದ ಓಖ್ಲಾವರೆಗೆ ಇರೋದು 22 ಕಿಲೋಮೀಟರ್, ನದಿಯ ಉದ್ದದಲ್ಲಿ ನೂರಕ್ಕೆ ಎರಡು ಪಾಲು. ನಜಫ್‌ಗಢ ನಾಲಾ ಮುಂತಾದವು ಬಂದು ಬೀಳೋದು ಇಲ್ಲೇ, ಯಮುನೆಯ ಕೊಳೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸೇರೋದೂ ಇಲ್ಲೇ.

ಈ ಮಾತುಕತೆಗಳೆಲ್ಲ ನಡೆದದ್ದು ಮುಖ್ಯವಾಗಿ ಕಟ್ಟೋ ಖರ್ಚಿನ ಬಗ್ಗೆ. ಘಟಕ ಕಟ್ಟಿದ ಮೇಲೆ ಪಂಪಿಗೆ ಕರೆಂಟು ಬೇಕು, ಆಪರೇಟರ್‌ಗೆ ಸಂಬಳ ಬೇಕು, ಹೂಳು ಎತ್ತಬೇಕು. ಅದೆಲ್ಲ ರಾಜ್ಯ ಮತ್ತು ನಗರಸಭೆಗಳ ತಲೆಗೆ. ಕರೆಂಟಿಲ್ಲದೆ, ದುಡ್ಡಿಲ್ಲದೆ ಪಂಪುಗಳು ನಿಂತದ್ದನ್ನು ಗಂಗಾ ಯೋಜನೆ ಕುರಿತ 2000ದ ಸಿಎಜಿ ವರದಿಯೇ ಹೇಳಿತ್ತು. ದೆಹಲಿಯಲ್ಲಿ ಘಟಕಗಳು ಇದ್ದರೂ ಹಳೇ ಒಳಚರಂಡಿಗಳು ಹೂಳು ತುಂಬಿ, ಕುಸಿದು, ಕೊಳಚೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಎರಡನೇ ಹಂತದ ದುಡ್ಡಿನಲ್ಲಿ ಬೇಲಾ ರೋಡ್, ರಿಂಗ್ ರೋಡ್ ಕೊಳವೆಗಳನ್ನು ದುರಸ್ತಿ ಮಾಡಬೇಕಾಯಿತು. ಮೂರನೆಯದರಲ್ಲಿ ಕೊಂಡ್ಲಿ, ರಿಠಾಲಾ, ಓಖ್ಲಾದ ಹಳೇ ಘಟಕಗಳ ಸರದಿ. ಅಂದರೆ, ನೋಡಿಕೊಳ್ಳದೆ ಕೆಟ್ಟದ್ದನ್ನು ಮತ್ತೆ ಸಾಲ ಮಾಡಿ ಕಟ್ಟೋದು.

ಇದರ ಬೆಲೆ ತೆತ್ತವರು ಕೆಳಗಿನ ಊರಿನವರು. ಆಗ್ರಾ ಯಮುನೆಯ ದಡದಲ್ಲೇ ಇದೆ. ಆ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ ಅಂತ ಸುಮಾರು 130 ಕಿಲೋಮೀಟರ್ ಪೈಪು ಹಾಕಿ ಗಂಗೆಯ ನೀರು ತಂದರು. ಅದಕ್ಕೆ 2007ರಲ್ಲಿ ಸಾಲ ಕೊಟ್ಟದ್ದೂ ಜಪಾನೇ! ನದಿ ತೊಳೆಯೋಕೆ ಒಂದು ಸಾಲ, ತೊಳೆಯದೆ ಉಳಿದದ್ದಕ್ಕೆ ಇನ್ನೊಂದು ಸಾಲ.

ಇದು ಉತ್ತರದವರ ರಗಳೆ, ನಮಗೇನು ಅನ್ನಬೇಡಿ. ಇದೇ ನದಿ ಸಂರಕ್ಷಣಾ ಯೋಜನೆಯ ಪಟ್ಟಿಯಲ್ಲಿ ನಮ್ಮ ಶಿವಮೊಗ್ಗ, ಭದ್ರಾವತಿ, ಹರಿಹರ, ನಂಜನಗೂಡು, ಶ್ರೀರಂಗಪಟ್ಟಣಗಳೂ ಇದ್ದವು. ಆ 70:30 ಬರೀ ಯಮುನೆಯ ಲೆಕ್ಕವಲ್ಲ. ಊರಿಂದ ಫೋನ್ ಬಂದಾಗ ನಮ್ಮ ಜನ ಕೇಳೋದು ಕೆಆರ್‌ಎಸ್ ಎಷ್ಟು ಅಡಿ ತುಂಬಿತು ಅಂತ. ತುಂಬಿದ ನೀರು ಶ್ರೀರಂಗಪಟ್ಟಣ ದಾಟಿದ ಮೇಲೆ ಹೇಗಿರುತ್ತೆ, ಅಲ್ಲಿನ ಪಂಪಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಅಂತಲೂ ಕೇಳಬೇಕು. ದೆಹಲಿಯಲ್ಲಿ ನಾಲ್ಕು ವರ್ಷ ಯಮುನೆ ದಾಟಿದವರಿಗೆ ಆ ಪ್ರಶ್ನೆ ಸಣ್ಣದು ಅನ್ನಿಸೋದಿಲ್ಲ.