ಹುಟ್ಟು, ಮದುವೆ ಮತ್ತು ಪೌರತ್ವ

ಹುಟ್ಟಿನಿಂದ ಪೌರತ್ವ ಕೊಡುವ ಪದ್ಧತಿಗಳು ಎರಡು. ಒಂದರಲ್ಲಿ ಹುಟ್ಟಿದ ನೆಲ ಮುಖ್ಯ, ಇನ್ನೊಂದರಲ್ಲಿ ಹೆತ್ತವರ ಪೌರತ್ವ. ದೊರೆಯ ನೆಲದಲ್ಲಿ ಹುಟ್ಟಿದವರೆಲ್ಲ ದೊರೆಯ ಪ್ರಜೆಗಳೆಂಬ ತತ್ವ ಇಂಗ್ಲೆಂಡಿನಲ್ಲಿ 1608ರ ಕ್ಯಾಲ್ವಿನ್ ಮೊಕದ್ದಮೆಯಿಂದ ಗಟ್ಟಿಯಾಯಿತು. ಫ್ರಾನ್ಸಿನ 1804ರ ನಾಗರಿಕ ಸಂಹಿತೆ ಬೇರೆ ದಾರಿ ಹಿಡಿಯಿತು: ತಂದೆ ಫ್ರೆಂಚನಾಗಿದ್ದರೆ ಮಗು ಹೊರದೇಶದಲ್ಲಿ ಹುಟ್ಟಿದರೂ ಫ್ರೆಂಚ್. ಯುರೋಪಿನ ಹಲವು ದೇಶಗಳು ಇದನ್ನೇ ಅನುಸರಿಸಿದವು. ಅಮೆರಿಕದಲ್ಲಿ ನೆಲದ ಹಕ್ಕು 1868ರ 14ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ 1895ರಲ್ಲಿ ಚೀನಾದಿಂದ ಮರಳಿದಾಗ ಅಧಿಕಾರಿಗಳು ಅವನನ್ನು ಒಳಗೆ ಬಿಡಲಿಲ್ಲ. ಅವನು ಅಮೆರಿಕದ ಪ್ರಜೆಯೇ ಎಂದು 1898ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಹೆಣ್ಣಿಗೆ ಮಾತ್ರ ಹುಟ್ಟಿನಿಂದ ಬಂದ ಈ ಹಕ್ಕು ಮದುವೆಯವರೆಗಷ್ಟೇ ಭದ್ರವಾಗಿತ್ತು. 1804ರ ಅದೇ ಸಂಹಿತೆಯ ಪ್ರಕಾರ, ಫ್ರೆಂಚನನ್ನು ವರಿಸಿದ ವಿದೇಶಿ ಹೆಣ್ಣು ಫ್ರೆಂಚಳಾಗುತ್ತಿದ್ದಳು, ವಿದೇಶಿಯನ್ನು ವರಿಸಿದ ಫ್ರೆಂಚ್ ಹೆಣ್ಣು ತನ್ನ ರಾಷ್ಟ್ರೀಯತೆ ಕಳೆದುಕೊಳ್ಳುತ್ತಿದ್ದಳು. ಒಂದು ಮನೆಯಲ್ಲಿ ಎರಡು ನಿಷ್ಠೆ ಇರಬಾರದು, ಮನೆಯ ಯಜಮಾನ ಗಂಡ ಎಂಬುದು ಇದರ ಹಿಂದಿನ ತರ್ಕ. ಬ್ರಿಟನ್ 1870ರಲ್ಲಿ ಇಂಥದೇ ನಿಯಮ ತಂದಿತು. ಅಮೆರಿಕವು ತನ್ನ ಗಂಡಸರನ್ನು ಮದುವೆಯಾದ ವಿದೇಶಿ ಹೆಂಗಸರಿಗೆ 1855ರಲ್ಲಿ ಪೌರತ್ವ ಕೊಟ್ಟಿತು, ವಿದೇಶಿಯರ ಕೈಹಿಡಿದ ತನ್ನ ಹೆಣ್ಣುಮಕ್ಕಳ ಪೌರತ್ವವನ್ನು 1907ರಲ್ಲಿ ಕಿತ್ತುಕೊಂಡಿತು.

ಈ ನಿಯಮದ ಬಿಸಿ ಎಥೆಲ್ ಮೆಕೆಂಜಿಗೆ ತಟ್ಟಿತು. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಆಕೆ 1909ರಲ್ಲಿ ಬ್ರಿಟಿಷ್ ಪ್ರಜೆಯಾಗಿದ್ದ ಒಬ್ಬ ಗಾಯಕನನ್ನು ಮದುವೆಯಾದರು. 1911ರಲ್ಲಿ ಆ ರಾಜ್ಯದ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಅದಕ್ಕಾಗಿ ಹೋರಾಡಿದ್ದ ಮೆಕೆಂಜಿ 1913ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ, ನೀವು ಅಮೆರಿಕದವರಲ್ಲ ಎಂಬ ಉತ್ತರ ಬಂತು. ಮದುವೆ ಆಕೆ ಸ್ವಇಚ್ಛೆಯಿಂದ ಮಾಡಿಕೊಂಡದ್ದು, ಅದರ ಫಲವನ್ನೂ ಒಪ್ಪಬೇಕು ಎಂದು 1915ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಹಿಳೆಯರ ಒತ್ತಾಯಕ್ಕೆ ಮಣಿದು 1922ರಲ್ಲಿ ಬಂದ ಕೇಬಲ್ ಕಾಯ್ದೆ ಹೆಂಡತಿಯ ಪೌರತ್ವವನ್ನು ಗಂಡನದರಿಂದ ಬೇರ್ಪಡಿಸಿತು. ಆದರೆ ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರನ್ನು ಮದುವೆಯಾದವರಿಗೆ ರಕ್ಷಣೆ ಸಿಗಲಿಲ್ಲ. ಭಾರತೀಯರೂ ಅನರ್ಹರೆಂದು 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ವರಿಸಿದ ಮೇರಿ ಕೀಟಿಂಗ್ ತಮ್ಮ ಪೌರತ್ವ ಕಳೆದುಕೊಂಡರು. ಈ ಷರತ್ತು 1931ರಲ್ಲಿ ರದ್ದಾಯಿತು. ಬ್ರಿಟನ್ 1948ರ ಕಾಯ್ದೆಯಿಂದ ತನ್ನ ನಿಯಮ ಬಿಟ್ಟಿತು. ಮದುವೆಯಾಗಲಿ ವಿಚ್ಛೇದನವಾಗಲಿ ಹೆಂಡತಿಯ ರಾಷ್ಟ್ರೀಯತೆಯನ್ನು ತಾನಾಗಿ ಬದಲಿಸಬಾರದು ಎಂಬ ಒಪ್ಪಂದವನ್ನು ವಿಶ್ವಸಂಸ್ಥೆ 1957ರಲ್ಲಿ ಅಂಗೀಕರಿಸಿತು.

ತಾಯಿಯಿಂದ ಮಗುವಿಗೆ ಪೌರತ್ವ ದಾಟುವುದು ಇನ್ನೂ ತಡವಾಯಿತು. ಜಪಾನಿನಲ್ಲಿ ಅದು 1985ರಲ್ಲಿ ಜಾರಿಗೆ ಬಂತು. ಬೋಟ್ಸ್ವಾನದಲ್ಲಿ ವಕೀಲೆ ಯೂನಿಟಿ ಡೌ ಅಮೆರಿಕದವನನ್ನು ಮದುವೆಯಾಗಿದ್ದರಿಂದ, ಅಲ್ಲಿಯೇ ಹುಟ್ಟಿದ ಅವರ ಮಕ್ಕಳಿಗೂ ಪೌರತ್ವ ಸಿಗಲಿಲ್ಲ. ಅವರು ಹೂಡಿದ ಮೊಕದ್ದಮೆಯನ್ನು 1992ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು.

ಮದುವೆಯ ಕಟ್ಟು ಸಡಿಲವಾಗುತ್ತಿದ್ದ ಕಾಲದಲ್ಲೇ, ವಲಸೆಯ ಆತಂಕದಿಂದ ನೆಲದ ಹಕ್ಕು ಬಿಗಿಯಾಯಿತು. ಬ್ರಿಟನ್ 1983ರಿಂದ, ಆಸ್ಟ್ರೇಲಿಯಾ 1986ರಿಂದ, ಐರ್ಲೆಂಡ್ 2005ರಿಂದ ಹೆತ್ತವರ ಸ್ಥಿತಿಗತಿಯನ್ನೂ ನೋಡತೊಡಗಿದವು. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಹುಟ್ಟಿದವರಿಗೆ, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟರೆ, ನೆಲವೇ ಸಾಕಾಗಿತ್ತು. ಆನಂತರ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕ ಪೌರತ್ವ ದೊರೆತದ್ದು 1992ರ ಡಿಸೆಂಬರ್ 10ರಿಂದ. 2004ರ ಬಳಿಕ ಅಂಥ ಮಗುವಿನ ಜನನವನ್ನು ಸಾಮಾನ್ಯವಾಗಿ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ದುಬೈಯಲ್ಲೋ ಸಿಂಗಪುರದಲ್ಲೋ ನೆಲೆಸಿದ ಕನ್ನಡಿಗ ಕುಟುಂಬಗಳಿಗೂ ಇದೇ ನಿಯಮ.

ಭಾರತದ 1955ರ ಪೌರತ್ವ ಕಾಯ್ದೆ ಮದುವೆಯ ಆಧಾರದ ನೋಂದಣಿಯನ್ನು ವಿದೇಶಿ ಪತ್ನಿಯರಿಗಷ್ಟೇ ಕೊಟ್ಟಿತ್ತು. 1986ರ ತಿದ್ದುಪಡಿ ಅದನ್ನು ಗಂಡಂದಿರಿಗೂ ವಿಸ್ತರಿಸಿತು. ಈಗ ಅರ್ಜಿ ಸಲ್ಲಿಸುವ ಮೊದಲು ಭಾರತದಲ್ಲಿ ಏಳು ವರ್ಷ ವಾಸವಿರಬೇಕು. ವಿದೇಶಿಯನ್ನು ಮದುವೆಯಾದ ಭಾರತೀಯರ ಪೌರತ್ವ ಮದುವೆಯಿಂದ ಹೋಗುವುದಿಲ್ಲ. ಬೇರೆ ದೇಶದ ಪೌರತ್ವವನ್ನು ತಾವಾಗಿ ಪಡೆದರೆ ಹೋಗುತ್ತದೆ.