ನಾಟ್ಯ ಕಲಿಯುವ ಮಗುವೂ ಅದರ ಆಸರೆಯೂ

ಮಗುವೊಂದು ಕಾಲಿಗೆ ಗೆಜ್ಜೆ ಕಟ್ಟಿ ರಂಗದ ಮೇಲೆ ನಿಂತಾಗ ನಮ್ಮ ಕಣ್ಣಿಗೆ ಬೀಳುವುದು ಆ ಮಗು ಮಾತ್ರ. ಅದರ ಹಿಂದೆ ನಿಂತವರು ನಮಗೆ ಕಾಣಿಸುವುದಿಲ್ಲ. ಮುಂಜಾನೆ ಎಬ್ಬಿಸಿ ಅಭ್ಯಾಸಕ್ಕೆ ಕೂಡಿಸಿದ ತಾಯಿ, ಸಂಬಳದಲ್ಲಿ ಉಳಿಸಿ ಪ್ರಯಾಣದ ಖರ್ಚು ಹೊಂದಿಸಿದ ತಂದೆ, ಊರು ಬಿಟ್ಟು ಗುರುವಿನ ಮನೆಬಾಗಿಲಿಗೆ ಕರೆದೊಯ್ದ ಅಜ್ಜ ಅಜ್ಜಿಯರು, ಪದ್ಯದ ಅರ್ಥವನ್ನು ಬಿಡಿಸಿ ಹೇಳಿದ ಉಪಾಧ್ಯಾಯರು, ಇವರ ಹೆಸರುಗಳು ಯಾವ ಕರಪತ್ರದಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಕನ್ನಡ ನಾಡಿನ ನೃತ್ಯದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಿದರೆ, ಈ ಕಾಣದ ಕೈಗಳ ಆಸರೆಯಿಲ್ಲದೆ ಯಾವ ಕಲಾವಿದೆಯೂ ಬೆಳೆದಿಲ್ಲವೆಂಬುದು ಸ್ಪಷ್ಟವಾಗುವುದು. ಆ ಚರಿತ್ರೆಯ ಕೆಲವು ಪುಟಗಳನ್ನು ನಮ್ಮ ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಹೀರಾಬಾದು, ನಾರಾಯಣಖೇಡ, ತಾಂಡೂರು ಈ ಮೂರು ಸೀಮೆಗಳು ಕುಣಿತಕ್ಕೆ ಹೊಸತಾದ ನೆಲವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮೊದಲೆರಡು ತಾಲ್ಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದುವು. ಗಡಿಯ ಗೆರೆ ಬದಲಾದರೂ ಜನರ ಹಬ್ಬಗಳು ಬದಲಾಗಲಿಲ್ಲ. ಇಲ್ಲಿಯ ಲಂಬಾಣಿ ತಾಂಡಾಗಳಲ್ಲಿ ಶ್ರಾವಣದ ತೀಜ್ ಹಬ್ಬ ಬಂದಿತೆಂದರೆ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಗೋದಿಯ ಸಸಿ ಬೆಳೆಸಿ, ಅದರ ಸುತ್ತಲೂ ಹಾಡುತ್ತ ಕುಣಿಯುತ್ತಾರೆ. ಬತುಕಮ್ಮನ ದಿನಗಳಲ್ಲಿ ಹೂವಿನ ಗೋಪುರದ ಸುತ್ತ ಹೆಂಗಳೆಯರ ಚಪ್ಪಾಳೆಯ ಸುತ್ತು ನಡೆಯುತ್ತದೆ. ಈ ಕುಣಿತಗಳನ್ನು ಮಗು ಯಾವ ಶಾಲೆಗೂ ಹೋಗದೆ, ತಾಯಿಯ ಸೆರಗು ಹಿಡಿದೇ ಕಲಿಯುತ್ತದೆ. ಶಾಸ್ತ್ರೀಯ ನೃತ್ಯದ ಮಾತು ಬೇರೆ. ಅದಕ್ಕೆ ಗುರು ಬೇಕು, ವರ್ಷಗಳು ಬೇಕು, ಆ ವರ್ಷಗಳನ್ನು ಹೊತ್ತು ನಡೆಸುವ ಒಂದು ಮನೆ ಬೇಕು.

ಹಿಂದೆ ಈ ಭಾರವನ್ನು ಅರಮನೆಯೂ ದೇವಾಲಯವೂ ಹೊತ್ತಿದ್ದುವು. ಜಹೀರಾಬಾದಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದು ಸಿಕ್ಕುತ್ತದೆ; ಅದರ ಸಮೀಪದ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರ ಬಾಗು ಬಳುಕುಗಳನ್ನು ನೋಡಿದವರು, ಶಿಲ್ಪಿಗಳ ಕಣ್ಣೆದುರಿಗೆ ನಿಜವಾದ ನರ್ತಕಿಯರಿದ್ದರೆಂಬುದನ್ನು ಒಪ್ಪದಿರಲಾರರು. ಅಲ್ಲಿಂದ ಮುಂದೆ ಹೋದರೆ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿ, ಅದರಲ್ಲಿ ನೃತ್ಯವಿನೋದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಅದೇ ಕಾಲದಲ್ಲಿ ದಕ್ಷಿಣದ ಹೊಯ್ಸಳ ರಾಜ್ಯದಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳಲ್ಲಿ ಹೊಗಳಿಸಿಕೊಂಡಳು. ಆಕೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನೆ. 1131ರಲ್ಲಿ ಶಿವಗಂಗೆಯಲ್ಲಿ ಮಗಳು ತೀರಿಕೊಂಡ ಬಳಿಕ ಆ ತಾಯಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತ ಕೈಕೊಂಡು ದೇಹ ಬಿಟ್ಟಳು. ಶಾಸನಗಳು ಸಾಮಾನ್ಯವಾಗಿ ಹೊಗಳುವುದು ಫಲವನ್ನು. ಅದನ್ನು ಬೆಳೆಸಿದ ಬೆವರನ್ನಲ್ಲ. ಆದರೂ ಮಾಚಿಕಬ್ಬೆಯ ಹೆಸರು ಮಗಳ ಹೆಸರಿನ ಜೊತೆಗೆ ಉಳಿದುಬಂದಿರುವುದು ನೆನೆಯತಕ್ಕ ವಿಷಯ.

ಕಾಲಕ್ರಮದಲ್ಲಿ ನೃತ್ಯದ ಗೌರವ ಕುಗ್ಗಿತು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಗಾದೆಯ ಹಳೆಯ ರೂಪದಲ್ಲಿ ಕುಣಿಯುವವಳಿಗೆ ಕೊಟ್ಟಿರುವ ಹೆಸರನ್ನು ಇಲ್ಲಿ ಬರೆಯಬೇಕಾಗಿಲ್ಲ. ಆ ಒಂದು ಪದದಲ್ಲಿಯೇ ಸಮಾಜದ ತಿರಸ್ಕಾರವೆಲ್ಲ ಅಡಗಿದೆ. ದೇವರ ಹೆಸರಿನಲ್ಲಿ ಬಾಲಿಕೆಯರ ಬಾಳನ್ನು ಬಲಿಗೊಳ್ಳುತ್ತಿದ್ದ ಪದ್ಧತಿ ನಿಲ್ಲಬೇಕಾದುದು ನ್ಯಾಯವೇ ಆಗಿದ್ದಿತು. ಮೈಸೂರು ಸರ್ಕಾರವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆದರೆ ಪದ್ಧತಿಯ ಮೇಲಿನ ಜುಗುಪ್ಸೆ ಕಲೆಯ ಮೇಲೂ ಬಿದ್ದಿತು. ಮಗಳಿಗೆ ನಾಟ್ಯ ಕಲಿಸುವೆನೆಂದು ಹೇಳಲು ಗೃಹಸ್ಥರು ಹೆದರುವ ಕಾಲ ಬಂದಿತು.

ಅಂತಹ ಕಾಲದಲ್ಲಿ ನಡೆದ ಒಂದು ಸಂಗತಿ ನಮ್ಮ ತಾಂಡಾಗಳ ಮಕ್ಕಳು ಅವಶ್ಯವಾಗಿ ತಿಳಿಯಬೇಕಾದುದು. ಕಡೂರಿನ ಬಳಿಯ ತಂಗಲಿ ತಾಂಡಾದಲ್ಲಿ, ಲಂಬಾಣಿ ಮನೆತನದಲ್ಲಿ, 1906ರ ಮೇ 29ರಂದು ಒಂದು ಹೆಣ್ಣುಮಗು ಹುಟ್ಟಿತು. ಅದರ ಹೆಸರು ವೆಂಕಟಲಕ್ಷಮ್ಮ. ಮಗುವಿಗೆ ಎಂಟು ವರ್ಷವಾದಾಗ ಅದರ ಅಜ್ಜ ಅಜ್ಜಿಯರು ಮೈಸೂರಿಗೆ ಕರೆತಂದು, ಆಸ್ಥಾನದ ಹೆಸರಾಂತ ನರ್ತಕಿ ಜಟ್ಟಿ ತಾಯಮ್ಮನವರ ಬಳಿ ವಿದ್ಯೆಗೆ ಬಿಟ್ಟರು. ಆಗ ತಾಯಮ್ಮನವರಿಗೆ ಐವತ್ತೇಳರ ಸುಮಾರು ವಯಸ್ಸು. ಅವರೂ ಸುಲಭವಾದ ದಾರಿಯಲ್ಲಿ ಬಂದವರಲ್ಲ. ಮೈಸೂರಿನ ಜಟ್ಟಿ ಮನೆತನದಲ್ಲಿ 1857ರಲ್ಲಿ ಹುಟ್ಟಿದವರು. ಕುಸ್ತಿಯ ಪಟ್ಟುಗಳಿಗೆ ಹೆಸರಾದ ಮನೆತನದ ಹೆಣ್ಣುಮಗಳು ಅಭಿನಯದ ಮಹಾಗುರುವಾದುದು ಒಂದು ಸೋಜಿಗ. ತಾಂಡಾದ ಹುಡುಗಿ ಅವರ ವಿದ್ಯೆಗೆ ವಾರಸುದಾರಳಾದುದು ಇನ್ನೊಂದು ಸೋಜಿಗ.

ವೆಂಕಟಲಕ್ಷಮ್ಮನವರ ಶಿಕ್ಷಣ ನಡೆದುದು ಗುರುಕುಲ ಪದ್ಧತಿಯಲ್ಲಿ. ಕಾಲಿನ ಅಡವು, ಕೈಯ ಹಸ್ತ, ಮುಖದ ಭಾವ ಇಷ್ಟರಲ್ಲಿಯೇ ಅದು ಮುಗಿಯಲಿಲ್ಲ. ಆಸ್ಥಾನದ ಪಂಡಿತರಿಂದ ಅವರು ಸಂಸ್ಕೃತ ಕಲಿತರು. ಬಿ. ದೇವೇಂದ್ರಪ್ಪನವರಂತಹ ವಿದ್ವಾಂಸರಿಂದ ಸಂಗೀತ ಕಲಿತರು. ಹನ್ನೆರಡನೆಯ ವಯಸ್ಸಿನಲ್ಲಿ ರಂಗಪ್ರವೇಶವಾಯಿತು. ಅನಂತರವೂ ಗುರುವಿನ ಸಹವಾಸ ತಪ್ಪಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರು ಆಸ್ಥಾನ ವಿದುಷಿಯಾದರು. ‘ಅಮರುಶತಕ’, ‘ಕೃಷ್ಣಕರ್ಣಾಮೃತ’, ‘ಮುಕುಂದಮಾಲೆ’ಗಳ ಶ್ಲೋಕಗಳಿಗೆ ಅವರು ಮಾಡುತ್ತಿದ್ದ ಅಭಿನಯ ಮೈಸೂರು ಶೈಲಿಯ ಹಿರಿಮೆಯೆಂದು ಪ್ರಸಿದ್ಧವಾಯಿತು.

ಅರಸೊತ್ತಿಗೆ ಹೋಯಿತು, ಅದರ ಆಶ್ರಯವೂ ಹೋಯಿತು. 1947ರಲ್ಲಿ ಗುರು ತಾಯಮ್ಮನವರೂ ಕಾಲವಾದರು. ಆದರೆ ಶಿಷ್ಯೆಯ ವಿದ್ಯೆ ಅನಾಥವಾಗಲಿಲ್ಲ. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯ ವಿಭಾಗವನ್ನು ತೆರೆದಾಗ ಅವರು ಅದರ ಮೊದಲ ರೀಡರ್ ಆಗಿ, 1974ರವರೆಗೆ ಪಾಠ ಹೇಳಿದರು. ತಾಂಡಾದಲ್ಲಿ ಹುಟ್ಟಿದವರು ವಿಶ್ವವಿದ್ಯಾನಿಲಯದ ಪೀಠದಲ್ಲಿ ಕುಳಿತ ಆ ದಿನವನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ. 1992ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನರಸಿ ಬಂದಾಗ ಅವರಿಗೆ ಎಂಬತ್ತಾರರ ಸುಮಾರು ವಯಸ್ಸು. 2002ರಲ್ಲಿ ಅವರು ಅಗಲಿದರು. ಈ ಇಡೀ ಬಾಳಿಗೆ ಬೀಜವಾದುದು ಅಜ್ಜ ಅಜ್ಜಿಯರು ಕಡೂರಿನಿಂದ ಮೈಸೂರಿಗೆ ಮಾಡಿದ ಆ ಒಂದು ಪ್ರಯಾಣ.

ಆಸರೆ ಕೊಡುವವರು ಎಲ್ಲ ಮನೆಗಳಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಮದರಾಸಿನ ಬಾಲಸರಸ್ವತಿಯವರು 1925ರಲ್ಲಿ, ಏಳು ವರ್ಷದ ಬಾಲಿಕೆಯಾಗಿದ್ದಾಗ, ಕಂಚಿಯಲ್ಲಿ ಮೊದಲು ರಂಗವೇರಿದರು. ಅವರ ತಾಯಿ ಜಯಮ್ಮಾಳ್ ಸ್ವತಃ ಗಾಯಕಿ. ಮಗಳ ನೃತ್ಯಕ್ಕೆ ತಾವೇ ಹಾಡಿದರು. ಆಕೆಯದು ಕಲೆಯ ಮನೆತನವೇ ಆಗಿದ್ದಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿ 1928ರಲ್ಲಿ ಹುಟ್ಟಿದ ಮಾಯಾ ರಾವ್ ಅವರದು ಹಾಗಲ್ಲ. ಸಂಪ್ರದಾಯಸ್ಥ ಗೃಹಸ್ಥರ ಮನೆ. ತಂದೆ ಹಟ್ಟಂಗಡಿ ಸಂಜೀವರಾಯರು ಕಟ್ಟಡಗಳ ಶಿಲ್ಪಿ. ಅವರು ಒಮ್ಮೆ ಉದಯಶಂಕರರ ತಂಡದ ನೃತ್ಯವನ್ನು ನೋಡಿ ಬಂದು, ತಮ್ಮ ಹೆಣ್ಣುಮಕ್ಕಳೂ ಇದನ್ನು ಕಲಿಯಲೆಂದು ನಿಶ್ಚಯಿಸಿದರು. ಗುರು ಸೋಹನಲಾಲರಲ್ಲಿ ಕಥಕ್ ಪಾಠ ಆರಂಭವಾಯಿತು. ದುರ್ದೈವದಿಂದ ತಂದೆ ಬೇಗನೆ ತೀರಿಕೊಂಡರು. ಎಳೆಯ ವಯಸ್ಸಿನಲ್ಲಿಯೇ ಮಾಯಾ ರಾವ್ ಮಕ್ಕಳಿಗೆ ನೃತ್ಯ ಹೇಳಿಕೊಟ್ಟು ಮನೆಯ ಹೊಣೆ ಹೊರಬೇಕಾಯಿತು. ಮನೆಯ ಕೈ ಸಾಲದಾದಾಗ ನೆರವಾದುದು ಸರ್ಕಾರದ ವಿದ್ಯಾರ್ಥಿವೇತನ; ಅದರ ಬಲದಿಂದ ಅವರು 1950ರ ದಶಕದಲ್ಲಿ ದೆಹಲಿಗೆ ಹೋಗಿ ಶಂಭು ಮಹಾರಾಜರಲ್ಲಿ ಕಲಿತರು. 1964ರಲ್ಲಿ ದೆಹಲಿಯಲ್ಲಿ ನೃತ್ಯ ಸಂಯೋಜನೆಯ ಶಾಲೆಯೊಂದನ್ನು ಕಟ್ಟಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ತಂದೆ ತೋರಿದ ದಾರಿಯಲ್ಲಿ ಮಗಳು ಅಷ್ಟು ದೂರ ನಡೆದುದನ್ನು ನೋಡಲು ಆ ತಂದೆ ಇರಲಿಲ್ಲ.

ಈ ಬಾಳುಗಳಿಂದ ನಾವು ತಿಳಿಯತಕ್ಕುದೇನು? ಮೊದಲನೆಯದು, ನೃತ್ಯಶಿಕ್ಷಣ ಬಹುಕಾಲದ ಕೃಷಿಯೆಂಬುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವರು. ಆದುದರಿಂದಲೇ ಎಂಟು ಹತ್ತರ ವಯಸ್ಸಿನಲ್ಲಿ ಪಾಠ ತೊಡಗುವುದು. ಮಂಡಿ ಮಡಿಸಿ ಅರೆಮಂಡಿಯಲ್ಲಿ ನಿಲ್ಲುವುದೇ ಮೊದಲ ಪರೀಕ್ಷೆ. ಅನಂತರ ಒಂದೊಂದು ಅಡವನ್ನೂ ಮೂರು ಕಾಲಗಳಲ್ಲಿ, ಮೊದಲು ನಿಧಾನವಾಗಿ, ಆಮೇಲೆ ಅದರ ಇಮ್ಮಡಿ, ನಾಲ್ಮಡಿ ವೇಗದಲ್ಲಿ, ತಾಳ ತಪ್ಪದಂತೆ ಹಾಕಬೇಕು. ತಿಂಗಳುಗಟ್ಟಲೆ ಇದೇ ಸಾಧನೆ. ನೋಡುವವರಿಗೆ ಇದರಲ್ಲಿ ಸೊಗಸೇನೂ ಕಾಣದು. ಮಗುವಿಗೆ ಬೇಸರ ಬರುವುದೂ, ತಂದೆತಾಯಿಗಳಿಗೆ ಹಣ ದಂಡವಾಯಿತೆನಿಸುವುದೂ ಈ ಘಟ್ಟದಲ್ಲಿಯೇ. ಈ ಘಟ್ಟವನ್ನು ದಾಟಿಸುವುದೇ ಮನೆಯವರ ನಿಜವಾದ ಕೆಲಸ.

ಎರಡನೆಯದು, ನೃತ್ಯ ಭಾಷೆಯನ್ನು ಬಿಟ್ಟು ನಿಲ್ಲದೆಂಬುದು. ಅಭಿನಯವೆಂದರೆ ಪದ್ಯದ ಅರ್ಥವನ್ನು ಮೈಯಿಂದ ಹೇಳುವುದು. ಅರ್ಥ ತಿಳಿಯದ ಮಗುವಿನ ಕೈ ಚಲಿಸೀತು, ಕಣ್ಣು ಮಾತಾಡದು. ವೆಂಕಟಲಕ್ಷಮ್ಮನವರನ್ನು ಪಂಡಿತರ ಬಳಿ ಓದಲು ಕೂಡಿಸಿದುದು ಇದಕ್ಕಾಗಿಯೇ. ನೃತ್ಯದ ಹಾಡುಗಳು ಯಾವುದೋ ಒಂದೇ ಭಾಷೆಯಲ್ಲಿಲ್ಲ. ಜಯದೇವನ ‘ಗೀತಗೋವಿಂದ’ ಸಂಸ್ಕೃತ; ಕ್ಷೇತ್ರಯ್ಯನ ಪದಗಳು ತೆಲುಗು; ದಾಸರ ದೇವರನಾಮಗಳು ಕನ್ನಡ. ಇಲ್ಲಿ ನಮ್ಮ ಗಡಿಯ ಮಕ್ಕಳಿಗೆ ಒಂದು ಭಾಗ್ಯವಿದೆ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ಉರ್ದು, ಕೆಲವರ ಮನೆಯಲ್ಲಿ ಮರಾಠಿ ಅಥವಾ ಲಂಬಾಣಿ. ಇದನ್ನು ಕೊರತೆಯೆಂದು ಅಳುವವರುಂಟು. ನಾಟ್ಯ ಕಲಿಯುವ ಮಗುವಿಗೆ ಇದು ಸಂಪತ್ತು. ಆ ಸಂಪತ್ತನ್ನು ಬಳಸಲು ಕಲಿಸಬೇಕಾದವರು ಭಾಷೆಯ ಉಪಾಧ್ಯಾಯರು. ತರಗತಿಯ ಒಂದು ಮಗು ನೃತ್ಯ ಕಲಿಯುತ್ತಿದೆಯೆಂದು ತಿಳಿದಾಗ, ಅದು ಕುಣಿಯಲಿರುವ ಹಾಡನ್ನು ಬಿಡಿಸಿ ಹೇಳಲು ಒಂದು ಗಂಟೆ ಕೊಟ್ಟರೆ ಸಾಕು. ಯಾವ ಬೆಳ್ಳಿಯ ಪದಕಕ್ಕಿಂತಲೂ ಅದು ದೊಡ್ಡ ಕಾಣಿಕೆಯಾದೀತು.

ಮೂರನೆಯ ಮಾತು ಸ್ಪರ್ಧೆಗಳದು. ಅರಸರ ಸಭೆಯ ಜಾಗದಲ್ಲಿ ಇಂದು ಶಾಲಾ ಕಲೋತ್ಸವಗಳು ನಿಂತಿವೆ. ಕೇರಳದಲ್ಲಿ 1957ರ ಜನವರಿಯಲ್ಲಿ ಎರ್ನಾಕುಳಂನಲ್ಲಿ ಮೊದಲು ನಡೆದ ಶಾಲಾ ಕಲೋತ್ಸವ ಇವುಗಳಲ್ಲಿ ಅತ್ಯಂತ ದೊಡ್ಡದಾಗಿ ಬೆಳೆಯಿತು. 1991ರಲ್ಲಿ ಅದು ಕಾಸರಗೋಡಿಗೂ ಬಂದಿತ್ತು. ಅಲ್ಲಿಯ ಕನ್ನಡ ಮಕ್ಕಳು ಅದರಲ್ಲಿ ಯಕ್ಷಗಾನವನ್ನೂ ಆಡುತ್ತಾರೆ. ಈ ಉತ್ಸವದ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಹೆಚ್ಚು ಅಂಕ ಪಡೆದ ಹುಡುಗನಿಗೆ ‘ಕಲಾಪ್ರತಿಭಾ’, ಹುಡುಗಿಗೆ ‘ಕಲಾತಿಲಕಂ’ ಎಂಬ ಬಿರುದುಗಳನ್ನು 1986ರಿಂದ ಕೊಡತೊಡಗಿದರು. ಬಿರುದಿಗಾಗಿ ಪೈಪೋಟಿ ಮಿತಿಮೀರಿತು. ಉಡುಪು ಒಡವೆಗಳಿಗೆ ಸಾಲ ಮಾಡುವುದು, ತೀರ್ಪನ್ನು ಪ್ರಶ್ನಿಸಿ ನ್ಯಾಯಾಲಯದವರೆಗೂ ಹೋಗುವುದು ನಡೆಯಿತು. ಕೊನೆಗೆ ಈ ಶತಮಾನದ ಮೊದಲ ದಶಕದಲ್ಲಿ ಆ ಬಿರುದುಗಳನ್ನೇ ಕೈಬಿಟ್ಟು, ಶ್ರೇಣಿ ಕೊಡುವ ಕ್ರಮವನ್ನು ನೆಚ್ಚಿಕೊಂಡರು. ಸೋತವರು ಮಕ್ಕಳಲ್ಲ, ಹಿರಿಯರು ಎಂಬುದನ್ನು ಆ ಅನುಭವ ತೋರಿಸಿಕೊಟ್ಟಿತು.

ಸ್ಪರ್ಧೆಯೇ ಬೇಡವೆಂದು ಇದರ ಅರ್ಥವಲ್ಲ. ರಂಗದ ಭಯ ಹೋಗಲು, ಬೇರೆ ಊರಿನ ಮಕ್ಕಳ ವಿದ್ಯೆ ನೋಡಲು, ತನ್ನ ಮಟ್ಟ ತಿಳಿಯಲು ಅದು ಅನುಕೂಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಕಲಾ ಉತ್ಸವ’ವು ಪ್ರೌಢಶಾಲೆಯ ಮಕ್ಕಳಿಗೆ ಜಿಲ್ಲೆಯಿಂದ ರಾಷ್ಟ್ರದವರೆಗೆ ದಾರಿ ತೆರೆದಿದೆ. ಆದರೆ ಸ್ಪರ್ಧೆಯ ರಂಗದಲ್ಲಿ ಮಗುವಿಗೆ ಸಿಕ್ಕುವುದು ಕೆಲವೇ ನಿಮಿಷ. ಆ ನಿಮಿಷಗಳಿಗಾಗಿಯೇ ಒಂದು ಕುಣಿತವನ್ನು ಬಾಯಿಪಾಠದಂತೆ ತಿದ್ದಿ, ಅಡಿಪಾಯದ ಅಭ್ಯಾಸವನ್ನು ಬಿಡಿಸಿದರೆ, ಕಟ್ಟಡವಿಲ್ಲದೆ ಕಳಶವಿಟ್ಟಂತಾಗುವುದು. ಸೋತು ಬಂದ ಮಗುವನ್ನು ಮನೆಯವರು ಆ ರಾತ್ರಿ ಹೇಗೆ ಮಾತಾಡಿಸುತ್ತಾರೆಂಬುದರ ಮೇಲೆ ಮರುದಿನದ ಅಭ್ಯಾಸ ನಿಂತಿದೆ. ‘ನೆಲ ಡೊಂಕು’ ಎಂದು ಕಲಿಸಬಾರದು. ‘ನೀನು ಕೆಟ್ಟೆ’ ಎಂದೂ ಹೇಳಬಾರದು.

ಖರ್ಚಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಗುರುದಕ್ಷಿಣೆ, ಉಡುಪು, ಹಾಡುವವರು, ಮೃದಂಗ ನುಡಿಸುವವರು, ದೂರದ ಪ್ರಯಾಣ ಇವೆಲ್ಲ ಕೂಲಿಯ ಮನೆಗೂ ಸಣ್ಣ ಒಕ್ಕಲಿನ ಮನೆಗೂ ಭಾರವೇ. ಆದುದರಿಂದ ಸಾರ್ವಜನಿಕ ನೆರವನ್ನು ಹುಡುಕುವುದು ನಾಚಿಕೆಯ ವಿಷಯವಲ್ಲ. ಕೇಂದ್ರ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಸಂಸ್ಥೆಯು 1982ರಿಂದ ನಡೆಸುತ್ತ ಬಂದಿರುವ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗಾಗಿಯೇ ಇದೆ. ಅಂತಹ ಅರ್ಜಿಯೊಂದನ್ನು ತರಿಸಿ, ತುಂಬಿಸಿ, ಸಕಾಲದಲ್ಲಿ ಕಳುಹಿಸುವ ಉಪಾಧ್ಯಾಯರು ಒಂದು ಮನೆಯ ಹೊರೆಯನ್ನು ಇಳಿಸಿದವರಾಗುತ್ತಾರೆ.

ಅರಮನೆ ಹೋಯಿತೆಂದು ಕಲೆ ಅಳಿಯಲಿಲ್ಲ. ಅದರ ಹೊಣೆ ಮನೆಗೂ ಶಾಲೆಗೂ ಹಂಚಿಹೋಯಿತು, ಅಷ್ಟೆ. ಮುಂದಿನ ಶ್ರಾವಣದಲ್ಲಿ ನಾರಾಯಣಖೇಡದ ಯಾವುದಾದರೂ ತಾಂಡಾದಲ್ಲಿ ಗೋದಿಯ ಸಸಿಯ ಸುತ್ತ ಕುಣಿಯುವ ಬಾಲೆಯರಲ್ಲಿ ಒಬ್ಬಳ ಹೆಜ್ಜೆ ಬೇರೆಯಾಗಿ ಕಂಡರೆ, ಅವಳ ಅಜ್ಜ ಅಜ್ಜಿಯರಿಗೆ ತಂಗಲಿ ತಾಂಡಾದ ಕಥೆಯನ್ನು ಹೇಳುವವರು ನಮ್ಮಲ್ಲಿ ಒಬ್ಬರಾದರೂ ಇರಲಿ. ಅವರು ಕೇಳಿ ಒಪ್ಪಿದರೆ, ಗುರುವಿನ ಮನೆಯವರೆಗೆ ಜೊತೆಗೆ ಹೋಗುವವರೂ ನಾವೇ ಆಗೋಣ.