ಭೂಪಟವೂ ಯಾತ್ರಾಪಥವೂ

ಭೂಪಟವನ್ನು ಕಂಡಮಾತ್ರಕ್ಕೆ ಪಥವು ನಿಶ್ಚಿತವಾಗದೆಂಬುದಕ್ಕೆ, ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆಯನ್ನು ಮೊದಲು ಪೂರೈಸಿದ ಥಾಮಸ್ ಸ್ಟೀವನ್ಸನ ವೃತ್ತಾಂತವೇ ನಿದರ್ಶನವು. ಈತನು 1884ರ ಏಪ್ರಿಲಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋವಿನಿಂದ ಹೊರಟು, ಅಮೇರಿಕಾ ಯೂರೋಪುಗಳನ್ನು ದಾಟಿ, ಮರುವರ್ಷದ ಚಳಿಗಾಲವನ್ನು ಟೆಹರಾನಿನಲ್ಲಿ ಕಳೆದನು. ಮುಂದೆ ಸೈಬೀರಿಯದ ಮಾರ್ಗಕ್ಕೆ ರಷ್ಯದ ಅನುಮತಿಯು ದೊರೆಯಲಿಲ್ಲ. 1886ರಲ್ಲಿ ಅಫಘಾನಿಸ್ಥಾನವನ್ನು ಹೊಗಲು, ಅಲ್ಲಿಯ ಅಧಿಕಾರಿಗಳು ಫರಾಹದಲ್ಲಿ ತಡೆಹಿಡಿದು ಪಾರಸೀಕಕ್ಕೆ ಹಿಂದಟ್ಟಿದರು. ಪಟದಲ್ಲಿ ಸಮೀಪವಾಗಿ ಕಾಣುವ ಹಿಂದೂದೇಶವನ್ನು ಸೇರಲು ಆತನು ಕಾನ್‌ಸ್ಟಾಂಟಿನೋಪಲಿಗೆ ಮರಳಿ, ಹಡಗನ್ನೇರಿ ಕರಾಚಿಗೆ ಬರಬೇಕಾಯಿತು. ಲಾಹೋರಿನಿಂದ ಕಲ್ಕತ್ತೆಯವರೆಗೆ ಮತ್ತೆ ಚಕ್ರವನ್ನೇರಿದನು. ಚೀನಾ ಜಪಾನುಗಳನ್ನು ಹಾಯ್ದು ಆ ಡಿಸೆಂಬರಿನಲ್ಲಿ ಯೊಕೊಹಾಮವನ್ನು ಮುಟ್ಟಿದನು. ಗಿರಿನದಿಗಳನ್ನು ಪಟವು ತೋರಿಸೀತು, ರಾಜಾಜ್ಞೆಯನ್ನು ತೋರಿಸಲಾರದು. ಪುರಾತನ ಯಾತ್ರಿಕರ ಮಾರ್ಗಗಳನ್ನು ಪಟದ ಮೇಲೆ ಗೆರೆಯೆಳೆದು ನಿರ್ಣಯಿಸುವ ನಾವು ಇದನ್ನು ಮರೆಯತಕ್ಕುದಲ್ಲ.